ಘಟ್ಟದ ಮೇಲೆ, ಘಟ್ಟದ ಕೆಳಗೆ: ನಿಮ್ಮನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದು ಏನು?

ಅಪ್ಪೆಮಿಡಿ

ನನ್ನ ಊರು ಶಿರಸಿ ಹತ್ತಿರದ ಒಂದು ಹಳ್ಳಿ. ಓದುತ್ತಿರುವುದು ಕಾರವಾರದಲ್ಲಿ, ಇರುವುದು ಹಾಸ್ಟೆಲ್‌ನಲ್ಲಿ. ಫೋನ್ ತೆರೆದರೆ ಬೆಂಗಳೂರಿನ ಟ್ರಾಫಿಕ್ ಜೋಕು, ದೆಹಲಿ ಮೆಟ್ರೋದ ಜಗಳ. ಒಂದು ಸಲ ನೋಡಿ ಬಿಡುತ್ತೇವೆ. ಆದರೆ ರಾತ್ರಿ ಊಟ ಆದ ಮೇಲೆ ರೂಮಿನಲ್ಲಿ ಬಿದ್ದು ಬಿದ್ದು ನಗುವುದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಸುದ್ದಿಗಳಿಗೇ. ಅಜ್ಜಿ ಏನಂದಳು, ಬಸ್ಸಿನಲ್ಲಿ ಏನಾಯಿತು, ಕರಾವಳಿಯ ಹುಡುಗಿ ಮೊದಲ ಸಲ ಉಂಬಳ (ಜಿಗಣೆ) ನೋಡಿ ಎಷ್ಟು ಎತ್ತರ ಹಾರಿದಳು, ಇಂಥವು. ಇವನ್ನು ಯಾರೂ ಬರೆದಿಡುವುದಿಲ್ಲ. ಓದು ಮುಗಿದು ಎಲ್ಲರೂ ಒಂದೊಂದು ದಿಕ್ಕಿಗೆ ಹೋದ ಮೇಲೆ ಮರೆತೇ ಹೋಗುತ್ತವೆ. ಅದಾಗಬಾರದು ಅಂತ ನನಗೆ ತುಂಬಾ ಅನಿಸುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ನಿಮ್ಮದನ್ನೂ ಹೇಳಿ. ನಿಜವಾಗಿ ನಡೆದದ್ದಾಗಿರಲಿ. ಹೆಸರು ಬೇಡ. ಯಾರ ಬಗ್ಗೆ ಬರೆಯುತ್ತೀರೋ ಅವರು ಓದಿದರೆ ಅವರೂ ನಗುವಂತಿರಲಿ.

ಮೊದಲು ನಾನೇ ಶುರು ಮಾಡುತ್ತೇನೆ. ವಿಷಯ ಮಳೆ ರಜೆ.

ಜುಲೈ ತಿಂಗಳು. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದಿದೆ. ಅಂದರೆ 24 ಗಂಟೆಯಲ್ಲಿ 204 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳಬಹುದು. ಬೇರೆ ಊರಿನವರಿಗೆ ಇದು ಎಚ್ಚರಿಕೆ. ಹಾಸ್ಟೆಲ್‌ನಲ್ಲಿ ಇದು ಜಾಗರಣೆ. ಜಿಲ್ಲೆಯಲ್ಲಿ 12 ತಾಲ್ಲೂಕು. ಕಡಲ ಪಕ್ಕ ಐದು: ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಜಿಲ್ಲಾಧಿಕಾರಿಗಳ ಆದೇಶದಲ್ಲಿ ಯಾವ ತಾಲ್ಲೂಕು ಇದೆ, ಯಾವುದು ಇಲ್ಲ, ಅಂಗನವಾಡಿಯಿಂದ ಎಲ್ಲಿಯವರೆಗೆ ರಜೆ, ಪದವಿ ಕಾಲೇಜು ಸೇರಿದೆಯಾ ಇಲ್ಲವಾ, ಇದೇ ಮಾತು. ನಮ್ಮ ರೂಮಿನ ಒಬ್ಬಳು ಇದರಲ್ಲಿ ಎಷ್ಟು ಪಳಗಿದ್ದಾಳೆಂದರೆ, ಹೋದ ವರ್ಷದ ಆದೇಶವನ್ನು ಯಾರಾದರೂ ಹೊಸದು ಅಂತ ಕಳಿಸಿದರೆ ತಾರೀಕು ನೋಡುವ ಮೊದಲೇ ಹಿಡಿಯುತ್ತಾಳೆ. ಅಕ್ಷರದ ಅಳತೆ ನೋಡಿಯೇ ಗೊತ್ತಾಗುತ್ತದಂತೆ. ಇಡೀ ಮಹಡಿ ಅವಳ ಬಾಗಿಲು ತಟ್ಟಿ ಕೇಳುತ್ತದೆ, "ಇದು ಅಸಲಿಯಾ?"

ಒಂದು ಬೆಳಗಿನ ಜಾವ ಅಸಲಿ ಆದೇಶ ಬಂತು. ಕರಾವಳಿಯ ತಾಲ್ಲೂಕುಗಳಿಗೆ ರಜೆ, ಆದರೆ ಪಿಯುಸಿವರೆಗೆ ಮಾತ್ರ. ಪದವಿಯವರಿಗೆ ಇಲ್ಲ. ನಮ್ಮ ರೂಮಿನ ಪಿಯುಸಿ ಹುಡುಗಿ ಹಾಸಿಗೆಯ ಮೇಲೆ ಎದ್ದು ನಿಂತು ಕುಣಿದಳು. ಆಮೇಲೆ ಹೊದ್ದು ಮಲಗಿದಳು. ಕುಣಿದದ್ದಕ್ಕೆ ನಿದ್ದೆ ಹಾರಿಹೋಗಿತ್ತು. ಎದ್ದು ಎಲ್ಲರಿಗಿಂತ ಮೊದಲು ಮೆಸ್‌ಗೆ ಹೋಗಿ ಬಿಸಿ ಇಡ್ಲಿ ಮುಗಿಸಿ ಬಂದಳು. ಆಮೇಲೆ ನಮ್ಮನ್ನು ಕಾಲೇಜಿಗೆ ಕಳಿಸಲು ಗೇಟಿನವರೆಗೆ ಬಂದು ಕೈ ಬೀಸಿದಳು. ಅಮ್ಮಂದಿರು ಕಳಿಸುವ ಹಾಗೆ, "ಜಾಗ್ರತೆ, ಕೊಡೆ ಇದೆಯಾ?" ಅಂತ ಬೇರೆ ಕೇಳಿದಳು.

ಕೋಡಿಬಾಗ ಕಡಲು

ನಮ್ಮ ಕಾರವಾರದ ವಿಶೇಷ ಇನ್ನೂ ಒಂದಿದೆ. ರಜೆ ಘೋಷಣೆ ಆದ ದಿನ ಒಂಬತ್ತು ಗಂಟೆಗೆ ಸರಿಯಾಗಿ ಬಿಸಿಲು ಬರುತ್ತದೆ. ರಾತ್ರಿಯಿಡೀ ಹೆಂಚು ಹಾರುವ ಹಾಗೆ ಸುರಿದ ಮಳೆ, ಬೆಳಿಗ್ಗೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಅರ್ಧ ಊರಿನ ಮಕ್ಕಳು ಬ್ಯಾಟು ಹಿಡಿದು ಟ್ಯಾಗೋರ್ ಬೀಚಿನ ಕಡೆ ಹೊರಡುತ್ತಾರೆ. ನಮ್ಮ ಅಮ್ಮ ಬಾಗಿಲಲ್ಲಿ ನಿಂತು ಹೇಳಿದಳು, "ಅವರು ರಜೆ ಕೊಟ್ಟದ್ದು ಮಳೆಗೆ. ಮಳೆ ಇಲ್ಲ ಅಂದಮೇಲೆ ರಜೆಯೂ ಇಲ್ಲ. ಪುಸ್ತಕ ತೆಗಿ." ತಮ್ಮ ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದು ಹೇಳಿದ, "ಅಮ್ಮ, ದೇವಗಡ ದ್ವೀಪದ ಕಡೆ ಕಪ್ಪಾಗಿದೆ, ಹನ್ನೊಂದಕ್ಕೆ ಬರುತ್ತದೆ. ಅಲ್ಲಿಯವರೆಗೆ ಆಡಿ ಬರುತ್ತೇನೆ, ಮಳೆ ಬಂದ ಮೇಲೆ ಓದುತ್ತೇನೆ." ಲೆಕ್ಕ ಸರಿಯಾಗಿದೆ ಅಂತ ಅಮ್ಮ ಬಿಟ್ಟಳು. ಹನ್ನೊಂದಕ್ಕೆ ಮಳೆ ಬಂತು. ಅವನು ನೆನೆದು ಬಂದು ಶೀತ ಆಗಿ ಮಲಗಿದ.

ಒಂದು ಮಾತು ಮಾತ್ರ ಗಂಭೀರವಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ದಡದಲ್ಲಿ ಆಡಿ, ನೀರಿಗೆ ಇಳಿಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ಕೇಳಿ. ನಮ್ಮ ಸಮುದ್ರ ಆಗ ಬೇರೆಯೇ ಆಗಿರುತ್ತದೆ.

ಬೆಳಗಿನ ಗಂಟೆ

ನಾನು ಶಿಕ್ಷಕಿ. ಮಕ್ಕಳು ಮಾತ್ರ ಕಾಯುತ್ತಾರೆ ಅಂದುಕೊಂಡಿದ್ದೀರಾ? ಶಿಕ್ಷಕರ ವಾಟ್ಸಾಪ್ ಗುಂಪು ಆ ರಾತ್ರಿ ಎಷ್ಟು ಮೌನವಾಗಿರುತ್ತದೆ ಅಂದರೆ, ಎಲ್ಲರೂ ಎಚ್ಚರ ಇದ್ದಾರೆ ಅಂತ ಅದರಿಂದಲೇ ತಿಳಿಯುತ್ತದೆ. ಆದೇಶ ಬಿದ್ದ ಅರ್ಧ ನಿಮಿಷದಲ್ಲಿ ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸುತ್ತಾರೆ. ನಿವೃತ್ತಿಗೆ ಹತ್ತಿರ ಇರುವ ಮೇಷ್ಟ್ರು ಒಬ್ಬರು ಮಾತ್ರ ಪ್ರತಿ ಸಲ ಒಂದೇ ಸಾಲು ಬರೆಯುತ್ತಾರೆ: "ಶನಿವಾರ ಮಧ್ಯಾಹ್ನ ಸರಿದೂಗಿಸಬೇಕು." ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಬಂಗುಡೆ ಗಸಿ

ನಾನು ಅಂಕೋಲಾದವನು. ಕಾರವಾರದಲ್ಲಿ ರೂಮು ಮಾಡಿದಾಗ ಜೊತೆಗೆ ಸಿಕ್ಕಿದವನು ಯಲ್ಲಾಪುರದ ಹವ್ಯಕ ಹುಡುಗ. ಅವನು ಈರುಳ್ಳಿಯನ್ನೇ ಯೋಚಿಸಿ ತಿನ್ನುವವನು. ನನಗೆ ಮೀನಿಲ್ಲದಿದ್ದರೆ ಊಟ ಆದ ಹಾಗೇ ಅನಿಸುವುದಿಲ್ಲ. ಒಪ್ಪಂದ ಮಾಡಿಕೊಂಡೆವು. ರೂಮಿನಲ್ಲಿ ಮೀನು ಬೇಯಿಸುವುದಿಲ್ಲ, ಖಾನಾವಳಿಯಲ್ಲಿ ತಿಂದು ಬರುತ್ತೇನೆ. ಚೆನ್ನಾಗಿಯೇ ನಡೆಯುತ್ತಿತ್ತು.

ಆಮೇಲೆ ಜೂನ್ 1 ಬಂತು. ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಮೀನು ಮೊಟ್ಟೆ ಇಡುವ ಕಾಲ. ಮಾರುಕಟ್ಟೆಯಲ್ಲಿ ಬಂಗುಡೆಯ ರೇಟು ಕೇಳಿ ಹಾಗೇ ವಾಪಸ್ ಬರಬೇಕು. ಅದಕ್ಕೇ ನಮ್ಮ ಕಡೆ ಬೇಸಿಗೆಯಲ್ಲೇ ಮೀನು ಒಣಗಿಸಿಡುತ್ತಾರೆ. ಅಮ್ಮ ಒಂದು ಡಬ್ಬಿ ತುಂಬ ಒಣ ಸಿಗಡಿ ಕಳಿಸಿದಳು. ಬಿಗಿ ಮುಚ್ಚಳ, ಮೇಲೆ ಮೂರು ಪ್ಲಾಸ್ಟಿಕ್ ಕವರು. ಮಂಚದ ಕೆಳಗೆ ಇಟ್ಟೆ. ಗೆಳೆಯನಿಗೆ ಗೊತ್ತಿತ್ತು, ಏನೂ ಅನ್ನಲಿಲ್ಲ.

ಒಂದು ದಿನ ಹೇಳದೆ ಕೇಳದೆ ಅವನ ಅಮ್ಮ ಬಂದರು. ಬಾಗಿಲಲ್ಲೇ ನಿಂತರು. ಮೂಗು ಮೇಲೆ ಮಾಡಿದರು. "ತಮಾ, ಇಲ್ಲಿ ಎಂತದೋ ಸತ್ತಿದ್ದು" ಅಂದರು. ಇಲಿ ಇರಬೇಕು ಅಂತ ಗೆಳೆಯ ಹೇಳಿದ. ಅಷ್ಟೇ. ಅವರು ಸೆರಗು ಸಿಕ್ಕಿಸಿ ಹುಡುಕಲು ಶುರು ಮಾಡಿದರು. ಕಪಾಟು ಸರಿಸಿದರು. ಕಿಟಕಿ ತೊಳೆದರು. ಫಿನಾಯಿಲ್ ತರಿಸಿ ನೆಲ ಒರೆಸಿದರು. ನಾನು ಡಬ್ಬಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು, ಲೈಬ್ರರಿಗೆ ಹೋಗುತ್ತೇನೆ ಅಂತ ಹೊರಬಿದ್ದೆ. ಸಂಜೆ ಬಂದು ನೋಡಿದರೆ ರೂಮು ಮದುವೆ ಮನೆಯ ಹಾಗೆ ಹೊಳೆಯುತ್ತಿತ್ತು. ಅವರು ಖುಷಿಯಾಗಿ ಹೇಳಿದರು, "ನೋಡಿ, ವಾಸನೆ ಹೋಯಿತು. ಇಲಿ ಸಿಗಲಿಲ್ಲ, ಆದರೆ ಹೋಯಿತು." ಪಕ್ಕದ ರೂಮಿನ ಹುಡುಗರು ಬಂದು, "ಆಂಟಿ, ನಮ್ಮ ರೂಮಿನಲ್ಲೂ ಏನೋ ಸತ್ತ ಹಾಗಿದೆ" ಅಂತ ಕೇಳಿಕೊಂಡರು.

ನಿಜ ಅವರಿಗೆ ಯಾವಾಗಲೋ ಗೊತ್ತಾಯಿತು. ಮುಂದಿನ ಸಲ ಬಂದಾಗ ಹಲಸಿನ ಹಪ್ಪಳದ ಎರಡು ಕಟ್ಟು ತಂದಿದ್ದರು. ಒಂದು ಮಗನಿಗೆ, ಇನ್ನೊಂದು ನನಗೆ. ನನ್ನದನ್ನು ಕೊಡುತ್ತಾ, "ಇದನ್ನು ನಿಮ್ಮ ಆ ಇಲಿ ಡಬ್ಬಿ ಪಕ್ಕ ಮಾತ್ರ ಇಡಬೇಡ" ಅಂದರು.

ಅಪ್ಪೆಮಿಡಿ

ಇಲಿ ಡಬ್ಬಿ! ಇದನ್ನು ರೂಮಿನಲ್ಲಿ ಜೋರಾಗಿ ಓದಿದೆ. ವಾರ್ಡನ್ ಬಂದು ಏನಾಯಿತು ಅಂತ ಕೇಳಿದರು. ಅವರಿಗೂ ಓದಿ ಹೇಳಿದೆವು.

ಸೊಪ್ಪಿನ ಬೆಟ್ಟ

ಸಿದ್ದಾಪುರದ ಒಳಗಿನ ಹಳ್ಳಿ ನಮ್ಮದು. ಸಿಗ್ನಲ್ ಕಥೆ ಹೇಳದೆ ಈ ಚರ್ಚೆ ಪೂರ್ತಿ ಆಗುವುದಿಲ್ಲ.

2020ರಲ್ಲಿ ಕಾಲೇಜು ಬಂದ್ ಆಗಿ ಎಲ್ಲರೂ ಊರಿಗೆ ಬಂದೆವು. ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಮನೆ ಹಿಂದಿನ ಬೆಟ್ಟ ಹತ್ತಿದರೆ, ಒಂದು ಮತ್ತಿ ಮರದ ಬುಡದಲ್ಲಿ ಎರಡು ಕಡ್ಡಿ ಬರುತ್ತದೆ. ಆ ಮರ ನಮ್ಮ ಕ್ಲಾಸ್ ರೂಮು. ಕಂಬಳಿ ಕೊಪ್ಪೆ ಹಾಕಿಕೊಂಡು, ಕೊಡೆ ಕಟ್ಟಿಕೊಂಡು ಕೂರುವುದು. ಸ್ವಲ್ಪ ದಿನದಲ್ಲಿ ಇಡೀ ಊರು ಅಲ್ಲಿಗೇ ಬರತೊಡಗಿತು. ಒಬ್ಬರು ಅಮೆರಿಕದ ಮಗನಿಗೆ ಫೋನ್ ಮಾಡಲು, ಒಬ್ಬರು ಅಡಿಕೆ ರೇಟು ನೋಡಲು, ಒಬ್ಬ ಅಣ್ಣ ಮದುವೆ ಗೊತ್ತಾದ ಹುಡುಗಿಯ ಹತ್ತಿರ ಮಾತಾಡಲು. ಪಾಪ, ಅವನು ಏನು ಮಾತಾಡುತ್ತಾನೆ? ಸುತ್ತ ಅಷ್ಟು ಜನ. "ಊಟ ಆಯ್ತಾ? ಅಲ್ಲಿ ಮಳೆಯಾ? ಇಲ್ಲೂ ಮಳೆ." ಇಷ್ಟೇ. ಕೊನೆಗೆ ಹಿರಿಯರೊಬ್ಬರು ಎದ್ದು, "ನಾವು ಎಲ್ಲ ಹತ್ತು ನಿಮಿಷ ಆ ಕಡೆ ಹೋಪನ, ಮಾಣಿ ಸರಿಯಾಗಿ ಮಾತಾಡ್ಲಿ" ಅಂದರು. ಎಲ್ಲರೂ ಎದ್ದು ಮಳೆಯಲ್ಲಿ ಆ ಕಡೆ ಹೋಗಿ ನಿಂತರು. ಕ್ಲಾಸಿನಲ್ಲಿದ್ದ ನಾವೂ ಹೋದೆವು, ಹಾಜರಿ ತಪ್ಪಿತು. ಅಣ್ಣ ನಾಚಿಕೊಂಡು ಮತ್ತೆ "ಊಟ ಆಯ್ತಾ?" ಅಂತಲೇ ಕೇಳಿದನಂತೆ.

ಆದರೆ ದೊಡ್ಡ ಕಥೆ ಒಟಿಪಿಯದು. ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಇಂಟರ್ನೆಟ್ ಇತ್ತು. ಕಂಪ್ಯೂಟರ್ ಕೆಳಗೆ, ಸಿಗ್ನಲ್ ಮೇಲೆ. ಚಿಕ್ಕಪ್ಪ ನನ್ನ ಕಾಲೇಜು ಫೀಸು ಕಟ್ಟಬೇಕು. ಒಟಿಪಿ ಬರುವುದು ಮೊಬೈಲಿಗೆ, ಮೊಬೈಲು ಬೆಟ್ಟದ ಮೇಲೆ ನನ್ನ ಕೈಯಲ್ಲಿ. ಅದು ಬಂದ ಮೇಲೆ ಓಡಿ ಇಳಿಯುವಷ್ಟರಲ್ಲಿ ಅವಧಿ ಮುಗಿಯುತ್ತದೆ. ಅದಕ್ಕೆ ಚಿಕ್ಕಪ್ಪ ಒಂದು ವ್ಯವಸ್ಥೆ ಮಾಡಿದರು. ಅವತ್ತು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆಯಲು, ಅಡಿಕೆ ಮರ ಹತ್ತುವ ಕೊನೆಗೌಡ ಮರದ ತುದಿಯಲ್ಲಿದ್ದ. ನಾನು ಬೆಟ್ಟದಿಂದ ಅವನಿಗೆ ಕೂಗುವುದು, ಅವನು ಮರದಿಂದ ಅಂಗಳದಲ್ಲಿರುವ ಆಯಿಗೆ, ಅಂದರೆ ಅಮ್ಮನಿಗೆ, ಕೂಗುವುದು, ಆಯಿ ಒಳಗೆ ಚಿಕ್ಕಪ್ಪನಿಗೆ ಹೇಳುವುದು.

ಒಟಿಪಿ ಬಂತು. "ನಾಲ್ಕೂ!" ಅಂತ ಕೂಗಿದೆ. ಮರದ ಮೇಲಿಂದ "ನಾಲ್ಕೂ!" "ಏಳೂ!" ಅಂದೆ. ಅವನೂ "ಏಳೂ!" ಅಂದ. ಜಗಲಿಯಲ್ಲಿ ಮಲಗಿದ್ದ ಅಜ್ಜ ಧಡಕ್ಕನೆ ಎದ್ದು ಕೂತು, "ಯಂತಕ್ಕೆ ಏಳವು ಈಗ?" ಅಂತ ಆಯಿಗೆ ಕೇಳಿದರು. ಆಯಿ ಅವರಿಗೆ ಒಟಿಪಿ ಎಂದರೇನು ಅಂತ ವಿವರಿಸುವಷ್ಟರಲ್ಲಿ ಮುಂದಿನ ಅಂಕಿಗಳು ಹಾರಿಹೋದವು. ಎರಡನೇ ಸಲ ಅಂಕಿಗಳೆಲ್ಲ ಸರಿಯಾಗಿ ಹೋದವು, ಆದರೆ ಪಕ್ಕದ ಮನೆಯವರು ತಮ್ಮ ಅಂಗಳದಿಂದ ಸಹಾಯ ಮಾಡಲು ಅವರೂ ಕೂಗಿದರು. ಎರಡೂ ಸೇರಿ ಹನ್ನೆರಡು ಅಂಕಿ ಆಯಿತು. ಮೂರನೇ ಸಲ ಗೆದ್ದೆವು. ಫೀಸು ಕಟ್ಟಿದ್ದಕ್ಕೆ ಮರದ ತುದಿಯಿಂದ ಕೊನೆಗೌಡ ಕೇಕೆ ಹಾಕಿದ.

ಕೋಡಿಬಾಗ ಕಡಲು

ಒಟಿಪಿ ಯಾರಿಗೂ ಹೇಳಬೇಡಿ ಅಂತ ಬ್ಯಾಂಕಿನವರು ಅಷ್ಟು ಸಲ ಹೇಳುತ್ತಾರೆ. ನೀವು ಕಣಿವೆಗೆಲ್ಲ ಕೂಗಿದ್ದೀರಿ!

ಸೊಪ್ಪಿನ ಬೆಟ್ಟ

ಕಣಿವೆಯವರಿಗೆಲ್ಲ ಹೇಳಿದರೂ ಫೀಸು ಕಟ್ಟಿದ್ದು ನಮ್ಮ ಚಿಕ್ಕಪ್ಪನೇ. ಈಗ ಹತ್ತಿರದಲ್ಲೇ ಬಿಎಸ್‌ಎನ್‌ಎಲ್ 4ಜಿ ಟವರ್ ಬಂದಿದೆ. ಕರೆಂಟ್ ಇದ್ದಾಗ ಮನೆಯಲ್ಲೇ ಸಿಗ್ನಲ್ ಸಿಗುತ್ತದೆ. ಕರೆಂಟ್ ಹೋದರೆ ಮತ್ತೆ ಮತ್ತಿ ಮರ. ಹಾಗಾಗಿ ಊರಿನವರು ಈಗಲೂ ವಾರಕ್ಕೊಮ್ಮೆ ಭೇಟಿಯಾಗುತ್ತಾರೆ.

ಕರಿ ಈಶಾಡ

ಬಸ್ಸಿನ ಬಗ್ಗೆ ಯಾರೂ ಬರೆದಿಲ್ಲವಲ್ಲ! ನಮ್ಮ ಅಜ್ಜಿಯದು ಹೇಳುತ್ತೇನೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಬಸ್ಸು ಉಚಿತ ಆಯಿತು. ಅಜ್ಜಿಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ದುಡ್ಡು ಕೊಡದೆ ಕೂರುವುದು ಅವಳಿಗೆ ಒಗ್ಗುವುದಿಲ್ಲ. ಅದಕ್ಕೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಟ್ಟಾಗ ಅವಳು ಚೀಲದಿಂದ ಏನಾದರೂ ತೆಗೆದು ಕೊಡುತ್ತಾಳೆ. ಒಂದು ಬಾಳೆಹಣ್ಣು, ಎರಡು ಚಕ್ಕುಲಿ, ಕುಮಟಾದಿಂದ ಬರುವಾಗ ಸಿಹಿ ಈರುಳ್ಳಿಯ ಜಡೆಯಿಂದ ಒಂದು ಗಡ್ಡೆ. ಬೇಡ ಅಂದರೆ ಬಿಡುವುದಿಲ್ಲ. ಟಿಕೆಟ್‌ಗಳನ್ನೆಲ್ಲ ಕವಳದ (ಎಲೆಅಡಿಕೆಯ) ಸಂಚಿಯಲ್ಲಿ ಜೋಡಿಸಿ ಇಟ್ಟಿದ್ದಾಳೆ. ಸರ್ಕಾರದವರು ಯಾವತ್ತಾದರೂ ಲೆಕ್ಕ ಕೇಳಿದರೆ ತೋರಿಸಬೇಕಲ್ಲ ಅಂತ.

ಮೇ ತಿಂಗಳಲ್ಲಿ ನನ್ನ ಜೊತೆ ಅಂಕೋಲಾದಿಂದ ಕಾರವಾರಕ್ಕೆ ಹೊರಟಳು. ಅಕ್ಕನ ಮನೆಗೆ ಕೊಡಲು ಒಂದು ಬುಟ್ಟಿ ಈಶಾಡ ಮಾವಿನಹಣ್ಣು. ನಮ್ಮ ಅಂಕೋಲಾದ ಕರಿ ಈಶಾಡಕ್ಕೆ 2023ರಲ್ಲೇ ಜಿಐ ಟ್ಯಾಗ್ (ಆಯಾ ಊರಿನ ವಿಶೇಷ ಬೆಳೆಗೆ ಸಿಗುವ ಗುರುತು) ಬಂದಿದೆ, ಆ ಪರಿಮಳ ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ಬುಟ್ಟಿ ಇಂಜಿನ್ ಪಕ್ಕ ಇಟ್ಟರು. ಬಿಸಿಗೆ ಪರಿಮಳ ಇಡೀ ಬಸ್ಸಿಗೆ ಹಬ್ಬಿತು. ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅಜ್ಜಿ ಒಂದು ಕೊಟ್ಟಳು. ಕಂಡಕ್ಟರಿಗೆ ಒಂದು. ಎದುರು ಕೂತ ಮಗು ನೋಡಿತು, ಅದಕ್ಕೆ ಒಂದು. ಮಗುವಿನ ಅಣ್ಣನಿಗೆ ಕೊಡದಿದ್ದರೆ ಹೇಗೆ? ಹೀಗೆ ಕಾರವಾರ ಬರುವಷ್ಟರಲ್ಲಿ ಬುಟ್ಟಿಯಲ್ಲಿ ಹುಲ್ಲೇ ಜಾಸ್ತಿ. ಅಕ್ಕ ಬಾಗಿಲು ತೆರೆದಳು. ಅಜ್ಜಿ ಬುಟ್ಟಿ ಕೈಗಿಟ್ಟು, "ತಗೋ, ಈ ಸಲ ಹಣ್ಣು ಭಾರೀ ಚೆನ್ನಾಗಿದೆ. ಬಸ್ಸಿನವರೆಲ್ಲ ಹೇಳಿದರು" ಅಂದಳು.

ದೇವಿಮನೆ ತಿರುವು

ನನ್ನದು ಚಿಕ್ಕದು. ಕಾರವಾರದ ಬೀಚಿನಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆ ಇದೆಯಲ್ಲ, ಈಗ ಅದರ ಪಕ್ಕದಲ್ಲೇ ನೌಕಾಪಡೆಯ ಟುಪೋಲೆವ್ ವಿಮಾನವೂ ಬಂದು ನಿಂತಿದೆ. ಶಿರಸಿಯಿಂದ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆವು. ಎರಡನ್ನೂ ಹತ್ತಿ ಇಳಿದ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಶಿರಸಿ ಬಸ್ಸಿಗೆ ತುಂಬಾ ಹೊತ್ತು ಕಾದೆವು. ಅವನು ಗಂಭೀರವಾಗಿ ಕೇಳಿದ, "ಮಾಮ, ಇಲ್ಲಿ ಹಡಗು ಇದ್ದು, ವಿಮಾನ ಇದ್ದು. ಶಿರಸಿಗೆ ಅದರಲ್ಲೇ ಹೋಪಲೆ ಆಗ್ತಿಲ್ಯ?"

ಶರಾವತಿ ದಡ

ಮುರುಡೇಶ್ವರದ ರಾಜಗೋಪುರದಲ್ಲಿ ಲಿಫ್ಟ್ ಇದೆ. ಮೇಲೆ ಹೋದರೆ 123 ಅಡಿಯ ಶಿವನನ್ನೇ ಮೇಲಿನಿಂದ ನೋಡಬಹುದು. ನಮ್ಮ ಅಜ್ಜಿಯನ್ನು ಕರೆದುಕೊಂಡು ಹೋದೆವು. ಎಲ್ಲರೂ ಸಮುದ್ರದ ಕಡೆ ಫೋಟೋ ತೆಗೆಯುತ್ತಿದ್ದರು. ಅಜ್ಜಿ ಹಿಂದಿನ ಕಿಂಡಿಗೆ ಹೋಗಿ ಯಾರದೋ ತೆಂಗಿನ ತೋಟ ನೋಡುತ್ತಾ ನಿಂತಳು. "ಇಷ್ಟು ಬಲಿತ ಕಾಯಿ ಬಿಟ್ಟಿದ್ದಾರೆ, ಯಾರ ತಲೆ ಮೇಲಾದರೂ ಬಿದ್ದರೆ? ಕೆಳಗೆ ಹೋದ ಮೇಲೆ ಆ ಮನೆಯವರಿಗೆ ಹೇಳಿ ಹೋಗೋಣ." ಹೇಳಿಯೇ ಬಂದಳು. ಮನೆ ಹುಡುಕಿಕೊಂಡು ಹೋಗಿ. ಅವರು ಎಳನೀರು ಕೊಟ್ಟರು.

ಬಿಡಕಿಬೈಲು

ಶಿರಸಿಯವರು ಇಷ್ಟು ಜನ ಇದ್ದೀರಿ, ಬೇಡರ ವೇಷದ ಬಗ್ಗೆ ಯಾಕೆ ಬರೆಯಲಿಲ್ಲ? ಗೊತ್ತಿಲ್ಲದವರಿಗೆ: ಮಾರಿಕಾಂಬಾ ಜಾತ್ರೆ ನಮ್ಮಲ್ಲಿ ಎರಡು ವರ್ಷಕ್ಕೊಮ್ಮೆ. 2022ರಲ್ಲಿ ಆಯಿತು, 2024ರಲ್ಲಿ ಆಯಿತು. ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ. ಬೆನ್ನಿಗೆ ನವಿಲುಗರಿ, ಮುಖಕ್ಕೆ ಕೆಂಪು ಬಣ್ಣ, ದೊಡ್ಡ ಮೀಸೆ, ಕೈಯಲ್ಲಿ ಕತ್ತಿ ಗುರಾಣಿ. ತಮಟೆ ಬಾರಿಸಿದರೆ ಬೇಡ ಹುಚ್ಚೆದ್ದು ಕುಣಿಯುತ್ತಾನೆ, ಜನರ ಮೇಲೆ ನುಗ್ಗುತ್ತಾನೆ. ಅವನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದುಕೊಂಡಿರುತ್ತಾರೆ. ರಾತ್ರಿ ಆ ತಮಟೆ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ದೊಡ್ಡವರಿಗೂ ಎದೆ ಝಲ್ ಅನ್ನುತ್ತದೆ.

ನಮ್ಮ ಓಣಿಯ ಹುಡುಗನೊಬ್ಬ ವೇಷ ಹಾಕಿದ್ದ. ವಾರಗಟ್ಟಲೆ ಅಭ್ಯಾಸ ಮಾಡಿದ್ದ. ಓಣಿಗೆ ನುಗ್ಗಿ ಒಂದು ಕೂಗು ಹಾಕಿದ, ಮಕ್ಕಳೆಲ್ಲ ಚೀರಿಕೊಂಡು ಕಟ್ಟೆ ಹಾರಿ ಓಡಿದರು. ಅವನ ತಂಗಿ ಮಾತ್ರ ಓಡಲಿಲ್ಲ. ನಡುರಸ್ತೆಯಲ್ಲಿ ನಿಂತು, "ಅಣ್ಣ, ಅಮ್ಮ ಕೇಳಿದಳು, ಊಟ ಈಗ ಮಾಡ್ತೀಯಾ, ಕುಣಿದ ಮೇಲಾ?" ಅಂದಳು. ತಮಟೆಯವರು ಒಂದು ಪೆಟ್ಟು ತಪ್ಪಿದರು. ಹಗ್ಗ ಹಿಡಿದವರು ನಗು ತಡೆಯಲಾರದೆ ಹಗ್ಗವನ್ನೇ ಬಿಟ್ಟರು. ಆ ಹುಡುಗನನ್ನು ಮೆಚ್ಚಬೇಕು. ವೇಷ ಬಿಡಲಿಲ್ಲ. ತಂಗಿಯ ಮುಖದ ಹತ್ತಿರ ಹೋಗಿ ಇನ್ನೂ ಭಯಂಕರವಾಗಿ ಗರ್ಜಿಸಿದ. ಆ ಗರ್ಜನೆಯ ಒಳಗೆ "ಆಮೇಲೆ" ಅನ್ನುವ ಉತ್ತರವೂ ಇತ್ತು. ಅವಳು ತಲೆಯಾಡಿಸಿ ಅಮ್ಮನಿಗೆ ಹೇಳಲು ಹೋದಳು.

ಚಂಡೆ ಪೆಟ್ಟು

ಯಕ್ಷಗಾನದ ನಗು ಬೇರೆ ರೀತಿಯದು. ನಮ್ಮ ಹೊನ್ನಾವರ ಕಡೆ ಇಡಗುಂಜಿ ಮೇಳ 1934ರಿಂದ ಇದೆ. ಮನೆಮನೆಯಲ್ಲಿ ತಾಳ ಹಾಕುವವರು. ಹೋದ ವರ್ಷ ಒಂದು ಬಯಲಾಟದಲ್ಲಿ, ರಾತ್ರಿ ಎರಡರ ಮೇಲೆ, ಕರುಣ ರಸದ ಪದ್ಯ. ರಾಣಿ ಅಳುತ್ತಿದ್ದಾಳೆ. ಎಲ್ಲರ ಕಣ್ಣೂ ಒದ್ದೆ. ಆಗ ಮುಂದಿನ ಸಾಲಿನಲ್ಲಿ ಯಾರದೋ ಮೊಬೈಲು ಜೋರಾಗಿ ಹೊಡೆದುಕೊಂಡಿತು. ಅವರು ನಿದ್ದೆಯಲ್ಲಿದ್ದರು. ನಿಲ್ಲುತ್ತಲೇ ಇಲ್ಲ. ರಂಗದ ಮೂಲೆಯಲ್ಲಿ ನಿಂತಿದ್ದ ಹಾಸ್ಯಗಾರರು ಮುಂದೆ ಬಂದು ಕೈಮುಗಿದು, "ಅಮ್ಮಾ ರಾಣಿ, ಅಳಬೇಡಿ. ಮಹಾರಾಜರೇ ಫೋನ್ ಮಾಡುತ್ತಿದ್ದಾರೆ. ತೆಗೆಯಬೇಕಾದವರು ಮಲಗಿದ್ದಾರೆ" ಅಂದರು. ರಾಣಿ ಪಾತ್ರಧಾರಿ ಅಳುತ್ತಲೇ, "ಹಾಗಾದರೆ ಅವರನ್ನು ಮೆಲ್ಲಗೆ ಎಬ್ಬಿಸು, ರಾಜರಿಗೆ ಮಿಸ್ಡ್ ಕಾಲ್ ಆಗಬಾರದು" ಅಂದರು. ಭಾಗವತರು ಅದನ್ನೇ ಒಂದು ಆಲಾಪದಲ್ಲಿ ಮುಗಿಸಿ ಪದ್ಯಕ್ಕೆ ವಾಪಸ್ ಬಂದರು. ಒಂದು ನಿಮಿಷದಲ್ಲಿ ಜನ ಮತ್ತೆ ಅಳುತ್ತಿದ್ದರು! ಈ ಕಲಾವಿದರಿಗೆ ಇರುವ ಸಮಯಪ್ರಜ್ಞೆ ಎಲ್ಲಿಯೂ ಸಿಗುವುದಿಲ್ಲ. ನಾವು ಅದನ್ನು ಹುಡುಗಾಟ ಅಂತ ನೋಡಬಾರದು, ಅದು ದೊಡ್ಡ ವಿದ್ಯೆ.

ಫುಲ್ ಚಾರ್ಜ್

ಇಷ್ಟೆಲ್ಲ ಬರೆಯುವ ಬದಲು ರೀಲ್ಸ್ ಮಾಡಿ. ಈ ಅಜ್ಜಿಯಂದಿರ ವಿಡಿಯೋ ಹಾಕಿದರೆ ಲಕ್ಷ ಜನ ನೋಡುತ್ತಾರೆ.

ಅಪ್ಪೆಮಿಡಿ

ಇದಕ್ಕೆ ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಅಜ್ಜಿ ಬಸ್ಸಿನಲ್ಲಿ ಮಾವು ಹಂಚಿದ್ದು ಬಸ್ಸಿನವರಿಗೆ. ಅವಳ ಮಾತಿಗೆ ನಕ್ಕವರು ಅವಳ ಹಣ್ಣನ್ನೂ ತಿಂದಿದ್ದಾರೆ. ಅವಳ ಊರು, ಅವಳ ಕಷ್ಟ ಸುಖ ಗೊತ್ತಿರುವವರು. ಕ್ಯಾಮೆರಾ ಹಿಡಿದ ತಕ್ಷಣ ಏನೂ ಗೊತ್ತಿಲ್ಲದ ಲಕ್ಷ ಜನ ಅವಳ ಸೀರೆ, ಅವಳ ಹಲ್ಲು ನೋಡಿ ಕಮೆಂಟು ಹಾಕುತ್ತಾರೆ. ಆ ನಗು ಬೇರೆ. ಅದು ಅವಳಿಗೆ ತಲುಪಿದರೆ ಅವಳು ಮುಂದಿನ ಸಲ ಬಸ್ಸಿನಲ್ಲಿ ಬಾಯಿ ಬಿಡುವುದಿಲ್ಲ. ನನಗೆ ಅದು ಬೇಡ.

ಚಂಡೆ ಪೆಟ್ಟು

ನಿಮ್ಮ ಕಾಳಜಿ ಸರಿ. ಆದರೆ ವಿಡಿಯೋ ಪೂರ್ತಿ ಕೆಟ್ಟದ್ದೂ ಅಲ್ಲ. ನಮ್ಮ ಕಡೆಯ ಮಾತಿನಲ್ಲೇ ತಮಾಷೆ ವಿಡಿಯೋ ಮಾಡುವ ಹುಡುಗರು ಈಗ ಎಷ್ಟೋ ಜನ ಇದ್ದಾರೆ. ಹವ್ಯಕ ಮಾತು, ಹಾಲಕ್ಕಿ ಮಾತು, ಕೊಂಕಣಿ ಎಲ್ಲ ಕೇಳಲು ಸಿಗುತ್ತಿದೆ. ಬೆಂಗಳೂರಿನಲ್ಲಿ ಬೆಳೆದ ನಮ್ಮ ಅಣ್ಣನ ಮಕ್ಕಳು ಅದನ್ನು ನೋಡಿಯೇ ಊರಿನ ಮಾತು ಕಲಿತರು. ಕೇಳಿ ಮಾಡಿದರೆ ಆಯಿತು. ಕದ್ದು ತೆಗೆಯಬಾರದು.

ಅಪ್ಪೆಮಿಡಿ

ಕೇಳಿ ಮಾಡಿದರೆ ಅಡ್ಡಿಲ್ಲ. ನಾನು ಹೇಳುವುದೂ ಅಷ್ಟೇ.

ಫುಲ್ ಚಾರ್ಜ್

ಸರಿ, ಕೇಳಿದೆ. ನಮ್ಮ ಅಜ್ಜಿ ಒಪ್ಪಿದಳು. ಆದರೆ ಮೊದಲು ಸೀರೆ ಬದಲಾಯಿಸಬೇಕು ಅಂದಳು. ಆಮೇಲೆ ತಲೆ ಬಾಚಬೇಕು. ಆಮೇಲೆ ಹಿಂದೆ ಕಾಣುವ ಹಾಗೆ ತಾಮ್ರದ ಹಂಡೆ ತಿಕ್ಕಿ ಇಡಬೇಕು, ಅದನ್ನು ತಿಕ್ಕಬೇಕಾದವನು ನಾನು. ಹುಣಸೆಹಣ್ಣು ಹಾಕಿ ತಿಕ್ಕಿದೆ. ಅಂಗಳದ ಕಸ ಕಾಣುತ್ತದೆ ಅಂದಳು, ಗುಡಿಸಿದೆ. ಹೊತ್ತು ಮುಳುಗಿತು. "ನಾಳೆ ತೆಗೆಯೋಣ, ನಾಳೆ ಕೊಟ್ಟಿಗೆಯೂ ಕಾಣಲಿ" ಅಂದಳು. ಕೊಟ್ಟಿಗೆ ತೊಳೆಯುವುದು ಯಾರು ಅಂತ ನಿಮಗೆ ಗೊತ್ತಾಗಿರಬೇಕು. ಮನೆಯವರೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದಾರೆ. ಅಮ್ಮ ಅಜ್ಜಿಗೆ ಹೇಳಿಕೊಡುತ್ತಿದ್ದಾಳೆ, ಬಾವಿಕಟ್ಟೆಯೂ ಬರಲಿ ಅಂತ.

ಕೋಡಿಬಾಗ ಕಡಲು

ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ.

ಮುಂಡಗೋಡು ಮೂಲೆ

ಎಲ್ಲರೂ ಕರಾವಳಿ, ಶಿರಸಿ, ಸಿದ್ದಾಪುರ ಅಂತಲೇ ಬರೆಯುತ್ತಿದ್ದೀರಿ. ಮುಂಡಗೋಡು, ಹಳಿಯಾಳದವರೂ ಈ ಜಿಲ್ಲೆಯವರೇ! ನಮ್ಮಲ್ಲಿ ಟಿಬೆಟನ್ ಕ್ಯಾಂಪ್ ಇದೆ. 1960ರ ದಶಕದಿಂದ ಟಿಬೆಟಿನವರು ಇಲ್ಲಿ ನೆಲೆಸಿದ್ದಾರೆ. ಒಳ್ಳೆಯ ಮೊಮೊ ಸಿಗುತ್ತದೆ.

ಶಿರಸಿ ಕಡೆಯ ನಮ್ಮ ದೊಡ್ಡಮ್ಮ ಬಂದಿದ್ದರು. ಮೊಮೊ ತಿನ್ನಿಸಲು ಕರೆದುಕೊಂಡು ಹೋದೆ, ತರಕಾರಿಯದು. ತಟ್ಟೆ ಬಂತು. ದೊಡ್ಡಮ್ಮ ಒಂದನ್ನು ಎತ್ತಿ, ತಿರುಗಿಸಿ, ಮಡಿಕೆ ಎಣಿಸಿದರು. "ಕಡುಬಿನ ಮಡಿಕೆ ಚೆಂದ ಹಾಕಿದ್ದ. ಆದರೆ ಒಳಗೆ ಕಾಯಿ ಬೆಲ್ಲ ಹಾಕಲು ಮರೆತಿದ್ದ" ಅಂದರು. ನಾನು ಏನಾದರೂ ಹೇಳುವ ಮೊದಲು ಅಂಗಡಿಯ ಟಿಬೆಟನ್ ಅಕ್ಕ ಅಚ್ಚ ಕನ್ನಡದಲ್ಲಿ, "ಮರೆತಿಲ್ಲ ಅಮ್ಮಾ, ಕಾಯಿ ರೇಟು ಜಾಸ್ತಿ ಆಗಿದೆ" ಅಂದರು. ದೊಡ್ಡಮ್ಮ ದಂಗಾಗಿ ಹೋದರು. ಆಮೇಲೆ ಇಬ್ಬರೂ ಕೂತು ಅರ್ಧ ಗಂಟೆ ಹಿಟ್ಟಿನ ಹದದ ಬಗ್ಗೆ ಮಾತಾಡಿದರು. ನಾನು ಎರಡು ತಟ್ಟೆ ಮುಗಿಸಿದೆ, ನನ್ನ ಕಡೆ ಇಬ್ಬರೂ ನೋಡಲಿಲ್ಲ. ಮುಂದಿನ ಸಲ ದೊಡ್ಡಮ್ಮ ಕೊಟ್ಟೆ ಕಡುಬು ಕಟ್ಟಿಕೊಂಡು ಬಂದರು, ನಮಗೆ ಅಲ್ಲ, ಅಂಗಡಿಗೆ. ಅಲ್ಲಿಯವರಿಗೆ ಖಾರದ ಚಟ್ನಿ ಜೊತೆ ಹಿಡಿಸಿತಂತೆ.

ಅಪ್ಪೆಮಿಡಿ

ಮುಂಡಗೋಡಿನವರನ್ನು ಬಿಡಲು ಆಗುತ್ತದೆಯೇ! ನಮ್ಮ ರೂಮಿನವರೆಲ್ಲ ಮೊಮೊ ತಿನ್ನಲು ಬರುತ್ತೇವೆ ಅನ್ನುತ್ತಿದ್ದಾರೆ. ಸೆಮಿಸ್ಟರ್ ರಜೆಯಲ್ಲಿ ಬಂದರೆ ಆ ಅಂಗಡಿ ತೋರಿಸುತ್ತೀರಾ?

ಮುಂಡಗೋಡು ಮೂಲೆ

ಖಂಡಿತ ಬನ್ನಿ. ಎರಡು ದಿನ ಮೊದಲೇ ಹೇಳಿ. ದೊಡ್ಡಮ್ಮನೂ ಬರುತ್ತಾರಂತೆ, ಹಿಟ್ಟು ಅವರೇ ಕಲೆಸುತ್ತಾರಂತೆ.

ಬಂಗುಡೆ ಗಸಿ

ನಾವಿಬ್ಬರೂ ಬರುತ್ತೇವೆ. ಡಬ್ಬಿ ತರುವುದಿಲ್ಲ.